ಕೊನೆಗಿರಲಿ ಎಂದ ಪಾಠಗಳು

ಗಿಟಾರ್ ರೆಕಾರ್ಡಿಂಗ್ ಕಲಿಯಬೇಕೆನ್ನುವ ಹುಡುಗ ಹುಡುಗಿಯರು ಆಗಾಗ ಹುಣಸೂರಿನ ನನ್ನ ಮನೆಗೆ ಬರುತ್ತಾರೆ. ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುತ್ತಾರೆ, ಯಾವ ಮೈಕು ಬಳಸ್ತಿದ್ರಿ ಮೇಡಂ, ಎಷ್ಟು ದೂರ ಇಡ್ತಿದ್ರಿ? ಯಾರು ನುಡಿಸಿದರು, ಏನು ನುಡಿಸಿದರು, ಅದನ್ನೇ ಯಾಕೆ ನುಡಿಸಿದರು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಮೈಕು ಅಂಗಡಿಯಲ್ಲಿ ಸಿಗುತ್ತದೆ. ಎಷ್ಟು ದೂರ ಇಡಬೇಕೆಂದು ಅಂಗಡಿಯವನೇ ಹೇಳಿಕೊಡುತ್ತಾನೆ. ಅದಕ್ಕಾಗಿ ಬಸ್ಸಿನಲ್ಲಿ ನಿಂತುಕೊಂಡು ನನ್ನ ತನಕ ಬರಬೇಕಾಗಿಲ್ಲ. ಆದ್ದರಿಂದ ಅವರು ಕೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ನಿವೃತ್ತಿಯಾದ ಮೇಲೆ ಮನಸ್ಸು ತಣ್ಣಗಾಗುತ್ತದೆ ಎಂದವರು ನನಗೆ ಸುಳ್ಳು ಹೇಳಿದ್ದರು.

ನಾನು ಡಿಪ್ಲೊಮಾ ಮುಗಿಸಿ ಮೈಸೂರಿನ ಒಂದು ಸಣ್ಣ ರೆಕಾರ್ಡಿಂಗ್ ಕಂಪನಿಗೆ ಸೇರಿದವಳು. ಅದರ ಯಜಮಾನರು ವರದರಾಜು. ಮೊದಲೆಲ್ಲ ಭಕ್ತಿಗೀತೆ, ಸೀರೆ ಅಂಗಡಿಯ ಜಾಹೀರಾತು, ಚುನಾವಣೆ ಬಂದರೆ ಪ್ರಚಾರದ ಹಾಡು. ಆಮೇಲೆ ಎಚ್.ಡಿ. ಕೋಟೆ ಕಡೆ, ಹಿನ್ನೀರಿನ ದಡದಲ್ಲಿ ರೆಸಾರ್ಟುಗಳು ಎದ್ದವು. ಅವರಿಗೆ ಊಟದ ಹಾಲ್‌ನಲ್ಲಿ ಹಾಕಲು ಕ್ಲಾಸಿಕಲ್ ಗಿಟಾರ್ ಬೇಕಾಯಿತು. ನೈಲಾನ್ ತಂತಿಯ ಗಿಟಾರ್, ಬೆರಳಿನ ಉಗುರಿನಿಂದಲೇ ಮೀಟುವುದು, ಪಕ್ಕವಾದ್ಯ ಇಲ್ಲ, ಹಾಡುವವರಿಲ್ಲ. ನಾನು ಮೊದಲ ಸಲ ಹತ್ತಿರದಿಂದ ಕೇಳಿದಾಗ ಕೆಲಸ ಮರೆತು ನಿಂತುಬಿಟ್ಟಿದ್ದೆ. ಒಂದೇ ಮನುಷ್ಯ, ಎರಡು ಕೈ, ಆದರೆ ಇಬ್ಬರು ಮೂವರು ಮಾತಾಡಿಕೊಳ್ಳುತ್ತಿರುವಂತೆ ಕೇಳುತ್ತಿತ್ತು.

ರೆಸಾರ್ಟಿನ ಮ್ಯಾನೇಜರ್ ಒಬ್ಬ ನಮ್ಮ ಸ್ಟುಡಿಯೋದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ತನಗೆ ಎಂಥದ್ದು ಬೇಕೆಂದು ಹೇಳಿದ. "ತುಂಬ ಖುಷಿ ಬೇಡ ಮೇಡಂ, ತುಂಬ ದುಃಖಾನೂ ಬೇಡ. ಸ್ವಲ್ಪ ದುಃಖದ ಥರ ಇರ್ಲಿ ಸಾಕು. ಮಧ್ಯದಲ್ಲಿ ಜೋರಾಗೋದು ಮಾತ್ರ ಬೇಡ, ಗೆಸ್ಟ್‌ಗಳು ಸೂಪ್ ಕುಡೀತಿರ್ತಾರೆ."

ವರದರಾಜು ತಲೆಯಾಡಿಸಿದರು. ಅಂದಿನಿಂದ ನಮ್ಮಲ್ಲಿ ಗಿಟಾರಿನವರು ಏನು ನುಡಿಸಬೇಕು ಎಂಬುದನ್ನು ಸೂಪು ತೀರ್ಮಾನಿಸಿತು.

ನುಡಿಸುವವರಾದರೂ ಬೇರೆ ಥರ ಇದ್ದರೇ? ಮೈಸೂರಿನವರು, ಬೆಂಗಳೂರಿನವರು, ಕೇರಳದಿಂದ ಬಂದವರು, ಎಲ್ಲರ ಹತ್ತಿರವೂ ಇದ್ದದ್ದು ಅದೇ ಐದಾರು ಪೀಸು. ಅದರಲ್ಲೂ ಒಂದು ಟ್ರೆಮೊಲೊ ಪೀಸು. ಟ್ರೆಮೊಲೊ ಎಂದರೆ ಹೆಬ್ಬೆರಳು ಕೆಳಸ್ವರ ಮೀಟಿದ ಮೇಲೆ ಉಂಗುರದ ಬೆರಳು, ನಡುಬೆರಳು, ತೋರುಬೆರಳು ಒಂದರ ಹಿಂದೊಂದು ಒಂದೇ ತಂತಿಯನ್ನು ಅತಿ ವೇಗವಾಗಿ ಮೀಟುವುದು. ಕೇಳುವವರಿಗೆ ಸ್ವರ ಎಲ್ಲೂ ಕಡಿಯದೆ ಹರಿದಂತಿರುತ್ತದೆ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅನ್ನುತ್ತಾರಲ್ಲ, ಹಾಗೆ ಗಿಟಾರ್ ಹಿಡಿದವರು ಆ ಪೀಸಿಗೆ ಬಂದೇ ಬರುತ್ತಿದ್ದರು. ಬೇರೆ ಏನಾದರೂ ನುಡಿಸಪ್ಪ ಎಂದು ಒಬ್ಬನಿಗೆ ಹೇಳಿದೆ. "ಕಾಂಪಿಟಿಷನ್‌ನಲ್ಲಿ ಜಡ್ಜ್‌ಗಳಿಗೆ ಗೊತ್ತಿರೋದು ಇದೇ ಮೇಡಂ, ಬೇರೆ ನುಡಿಸಿದ್ರೆ ನಾನು ತಪ್ಪಿದ್ನೋ ಸರಿ ಮಾಡಿದ್ನೋ ಅವರಿಗೆ ತಿಳಿಯಲ್ಲ" ಎಂದ. ತಿಳಿಯದಿದ್ದರೆ ಕೇಳಲಿ, ಕಿವಿ ಯಾಕಿರುವುದು ಎಂದು ರೇಗಿದೆ. ಹುಡುಗ ನಕ್ಕು ಅದೇ ಪೀಸು ನುಡಿಸಿ ಹೋದ.

ಕೆಲಸದ ರೀತಿಯೂ ಆ ಹೊತ್ತಿಗೆ ಕೆಟ್ಟಿತು. ಟೇಪಿನ ಕಾಲದಲ್ಲಿ ಒಂದು ಕಡೆ ತಪ್ಪಿದರೆ ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ ಅಂಟಿಸಬೇಕಿತ್ತು. ಕೈ ನಡುಗಿದರೆ ಎಲ್ಲ ಹಾಳು. ಆ ಭಯಕ್ಕೇ ಕಡಿಮೆ ಕತ್ತರಿಸುತ್ತಿದ್ದೆವು, ನುಡಿಸಿದವನ ಉಸಿರು ಉಳಿಯುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಭಯ ಹೋಯಿತು, ನಾಚಿಕೆಯೂ ಹೋಯಿತು. ಗಿಟಾರಿನ ದಪ್ಪ ತಂತಿಗಳಿಗೆ ಲೋಹದ ಎಳೆ ಸುತ್ತಿರುತ್ತದೆ, ಎಡಗೈ ಬೆರಳು ಅದರ ಮೇಲೆ ಜಾರಿದಾಗ ಸುಯ್ ಎಂದು ಸಣ್ಣ ಸದ್ದು ಬರುತ್ತದೆ. ವರದರಾಜು ಅದನ್ನು ಕೇಳಿ, "ಏನ್ರೀ ಜಯಲಕ್ಷ್ಮಿ, ಇಲಿ ಹೊಕ್ಕಿದೆಯಾ? ತೆಗೀರಿ ಅದನ್ನ" ಎಂದರು. ಒಂದೊಂದೇ ಹುಡುಕಿ ತೆಗೆದೆ. ಕೊನೆಗೆ ಕೇಳಿದರೆ ಕೈಯೇ ಇಲ್ಲದವನು ನುಡಿಸಿದಂತಿತ್ತು. ಅವರಿಗೆ ಬಹಳ ಇಷ್ಟವಾಯಿತು.

ಸ್ಯಾಮ್ಯುಯೆಲ್ ಮೇಷ್ಟ್ರು ನಮ್ಮಲ್ಲಿಗೆ ಬಂದದ್ದು ಇಂಥ ಕಾಲದಲ್ಲಿ. ಕೆ.ಆರ್. ನಗರದ ಒಂದು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಚಿಕ್ಕಂದಿನಲ್ಲಿ ಒಬ್ಬ ಪಾದ್ರಿಯಿಂದ ಗಿಟಾರ್ ಕಲಿತು, ಯಾವ ಸ್ಪರ್ಧೆಗೂ ಹೋಗದೆ, ಶಾಲೆ ಬಿಟ್ಟ ಮೇಲೆ ಮನೆಯ ಹಿಂದಿನ ಕೋಣೆಯಲ್ಲಿ ನುಡಿಸಿಕೊಂಡೇ ತಲೆ ನರೆಸಿದವರು. ವರದರಾಜುಗೆ ಅವರ ಟ್ರೆಮೊಲೊ ಇಷ್ಟವಾಗಿ ರೆಕಾರ್ಡಿಂಗಿಗೆ ಕರೆದಿದ್ದರು. ಆದರೆ ಮೇಷ್ಟ್ರು ಒಪ್ಪಿದ್ದು ಬೇರೆ ಕಾರಣಕ್ಕೆ. ಅದನ್ನು ನನಗೆ ಸ್ಟುಡಿಯೋದ ಮೆಟ್ಟಿಲ ಮೇಲೆ ಹೇಳಿದರು.

"ಈ ಉಂಗುರದ ಬೆರಳು ನನ್ನ ಮಾತು ಕೇಳ್ತಿಲ್ಲ ಕಣಮ್ಮ. ನುಡಿಸ್ತಾ ನುಡಿಸ್ತಾ ತಾನಾಗೇ ಒಳಕ್ಕೆ ಮಡಚ್ಕೊಳುತ್ತೆ. ಇನ್ನೊಂದು ವರ್ಷ ಬರುತ್ತೋ ಇಲ್ವೋ. ಅಷ್ಟರೊಳಗೆ ಆ ಪಾಠಗಳನ್ನ ಒಂದ್ಸಲ ಸರಿಯಾಗಿ ನುಡಿಸಿ ಇಟ್ಬುಡ್ಬೇಕು. ಎರಡು ದಿನ ಕೊಡ್ಸಮ್ಮ, ಸಾಕು."

ಅವರು ಹೇಳಿದ ಪಾಠಗಳು ಗಿಟಾರ್ ಕಲಿಯುವ ಮಕ್ಕಳಿಗಾಗಿ ಹಳೆಯ ಕಾಲದಲ್ಲಿ ಬರೆದ ಪುಟ್ಟ ಪುಟ್ಟ ಪೀಸುಗಳು. ಎಲ್ಲರೂ ಮೊದಲ ಎರಡು ವರ್ಷ ನುಡಿಸಿ, ಕೈ ಸ್ವಲ್ಪ ಓಡಿದೊಡನೆ ಬಿಟ್ಟುಬಿಡುತ್ತಾರೆ. ಆಮೇಲೆ ಹೆಸರೆತ್ತಿದರೆ ಅವಮಾನ ಅವರಿಗೆ. ಮೇಷ್ಟ್ರು ಮಾತ್ರ ಬಿಟ್ಟಿರಲಿಲ್ಲ. ಅವತ್ತು ಸ್ಟುಡಿಯೋದಲ್ಲಿ ಒಂದನ್ನು ನುಡಿಸಿ ತೋರಿಸಿದರು. ಏನೂ ಇಲ್ಲ ಅದರಲ್ಲಿ, ಒಂದು ಸಾಲು ಮೇಲೆ ಹೋಗುತ್ತದೆ, ಇನ್ನೊಂದು ಕೆಳಗೆ ಬರುತ್ತದೆ. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಸೂಪಿನ ಸಂಗೀತ ಕೇಳಿ ಕೇಳಿ ನನ್ನ ಕಿವಿ ಸತ್ತಿದೆ ಅಂದುಕೊಂಡಿದ್ದೆ.

ವರದರಾಜು ಹತ್ತಿರ ಹೋಗಿ, ಮೊದಲು ಪಾಠಗಳನ್ನು ಮಾಡಿಬಿಡೋಣ ಸಾರ್, ಅವರ ಬೆರಳು ಹೀಗೆ ಹೀಗೆ ಎಂದೆ.

"ಮದುವೆ ಮನೇಲಿ ಯಾರಾದ್ರೂ ಮೊದ್ಲು ಮಜ್ಜಿಗೆ ಬಡಿಸ್ತಾರೇನ್ರೀ? ಅವು ಮಕ್ಕಳ ಪಾಠ. ಕೊನೆಗಿರಲಿ. ಮೊದ್ಲು ಟ್ರೆಮೊಲೊ ಮುಗಿಸಿ."

"ಟ್ರೆಮೊಲೊಗೆ ಆ ಬೆರಳೇ ಜಾಸ್ತಿ ಬೇಕು ಸಾರ್. ಅದರಲ್ಲೇ ದಣಿದುಹೋಗುತ್ತೆ."

"ಅದಕ್ಕೇ ಹೇಳ್ತಿರೋದು, ಬೆರಳು ಚೆನ್ನಾಗಿರುವಾಗಲೇ ತಗೊಂಬಿಡಿ."

ಈ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಎಳೆಗರು ಇರುವಾಗಲೇ ಕೆಚ್ಚಲು ಬರಿದು ಮಾಡುವವನ ಮಾತು ಅದು.

ನಮ್ಮ ಸ್ಟುಡಿಯೋದಲ್ಲಿ ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದರು, ಅಲ್ಲಿ ಗಿಟಾರ್ ನುಡಿಸಿದರೆ ರಟ್ಟಿನ ಡಬ್ಬ ಬಡಿದಂತಿರುತ್ತಿತ್ತು. ನನಗೆ ನಮ್ಮೂರಿನ ಬ್ಯಾರನ್ ನೆನಪಾಯಿತು. ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಬೆಟ್ಟದಪುರದ ಬೆಟ್ಟದ ಕೆಳಗೆ. ಹೊಗೆಸೊಪ್ಪು ಬೆಳೆಯುವವರ ಹೊಲದಲ್ಲೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ ಇರುತ್ತದೆ. ಎತ್ತರದ ಒಂದೇ ಕೋಣೆ, ದಪ್ಪ ಮಣ್ಣಿನ ಗೋಡೆ, ಸೊಪ್ಪು ನೇತುಹಾಕಲು ಮೇಲಿನವರೆಗೂ ಮರದ ಅಡ್ಡೆಗಳು, ನೆಲದಲ್ಲಿ ಒಲೆಯ ಕಾವು ಹರಿಯುವ ಕಬ್ಬಿಣದ ಪೈಪು. ಸೊಪ್ಪಿಲ್ಲದ ಕಾಲದಲ್ಲಿ ಒಳಗೆ ನಿಂತು ಕೆಮ್ಮಿದರೂ ದನಿ ದುಂಡಗೆ ಮೇಲೇರಿ ನಿಧಾನ ಇಳಿಯುತ್ತಿತ್ತು. ನನ್ನ ಚಿಕ್ಕಪ್ಪನ ಮಗ ನಿಂಗರಾಜುವಿನ ಬ್ಯಾರನ್ ಆ ಬೇಸಿಗೆ ಖಾಲಿ ಇತ್ತು. ಬಾಡಿಗೆ ಇಲ್ಲ ಎಂದಾಗ ವರದರಾಜು ಒಪ್ಪಿದರು.

ನಿಂಗ ಕಸ ಗುಡಿಸಿ, ನೀರು ಚಿಮುಕಿಸಿ, ದೇವರ ಕೋಣೆಯ ಹಾಗೆ ಮಾಡಿಟ್ಟಿದ್ದ. ಮೇಷ್ಟ್ರ ಬಲಗೈ ಉಗುರು ನೋಡಿ ಅವನಿಗೆ ಆಶ್ಚರ್ಯ. ಮೀಟಲು ಬೇಕೆಂದು ಆ ಒಂದು ಕೈಯಲ್ಲಿ ಮಾತ್ರ ಅವರು ಉಗುರು ಬಿಟ್ಟಿದ್ದರು.

"ಒಂದ್ ಕೈಯ್ದು ಕತ್ರಿಸ್ಕೊಂಡು ಇನ್ನೊಂದ್ ಮರ್ತ್‌ಬುಟ್ರಾ ಮೇಷ್ಟ್ರೇ?"

"ಲೆಕ್ಕದ ಮೇಷ್ಟ್ರು ಕಣೋ ನಾನು, ಅರ್ಧಕ್ಕೆ ಅರ್ಧ ಉಳಿಸಿದೀನಿ" ಎಂದರು ಮೇಷ್ಟ್ರು. ಅವತ್ತಿನಿಂದ ಇಬ್ಬರೂ ಗೆಳೆಯರು.

ದಪ್ಪ ತಂತಿ ಮೀಟಿದಾಗಲೆಲ್ಲ ಜೊಂಯ್ ಎಂದು ಎಲ್ಲಿಂದಲೋ ಗುಂಯ್‌ಗುಟ್ಟುವ ಸದ್ದು. ಕೇಬಲ್ ನೋಡಿದೆ, ಮೈಕು ಬದಲಿಸಿದೆ, ಗಿಟಾರಿನ ಮೇಲೆ ಅನುಮಾನಪಟ್ಟೆ. ಅರ್ಧ ದಿನ ಹೋಯಿತು. ನೋಡಿದರೆ ನೆಲದ ಪೈಪು ತಾನೂ ಜೊತೆಗೆ ಹಾಡುತ್ತಿತ್ತು. ಗೋಣಿಚೀಲ ನೆನೆಸಿ ಅದರ ಮೇಲೆ ಹೊದಿಸಿದೆವು. "ಒಲೆ ಪೈಪಿಗೂ ಚಳಿ ಅಂತೀರಲ್ಲ ಅಕ್ಕ, ನಮ್ ಕೆಲ್ಸನೇ ವಾಸಿ" ಎಂದು ನಿಂಗ ನಗುತ್ತಿದ್ದ. ನವಿಲು ಕೂಗಿದರೆ ನಿಲ್ಲಿಸುತ್ತಿದ್ದೆವು, ಟ್ರ್ಯಾಕ್ಟರ್ ಬಂದರೆ ನಿಲ್ಲಿಸುತ್ತಿದ್ದೆವು. ಉಳಿದ ಹೊತ್ತೆಲ್ಲ ಟ್ರೆಮೊಲೊ.

ದಿನವೂ ಫೋನಿನಲ್ಲಿ ತುಣುಕು ಕೇಳಿ ವರದರಾಜು ಹೇಳುತ್ತಿದ್ದದ್ದು ಒಂದೇ ಮಾತು, ಇನ್ನೊಂದು ಟೇಕ್. ಇನ್ನೂ ವೇಗ ಬೇಕು. ಮೂರು ಬೆರಳೂ ಒಂದೇ ಸಮ ಬೀಳಬೇಕು. ಮೇಷ್ಟ್ರು ಎದುರಾಡದ ಜನ, ನುಡಿಸುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಉಂಗುರದ ಬೆರಳು ಅಂಗೈಯೊಳಕ್ಕೆ ಮಡಚಿಕೊಂಡಿರುತ್ತಿತ್ತು. ಎಡಗೈಯಲ್ಲಿ ಹಿಡಿದು ಬಿಡಿಸುತ್ತ ಕೂತಿರುತ್ತಿದ್ದರು. ಈಗ ಒಂದು ಪಾಠ ನುಡಿಸಿ ಮೇಷ್ಟ್ರೇ, ನಾನು ಸುಮ್ಮನೆ ತೆಗೆದಿಟ್ಟುಕೊಳ್ಳುತ್ತೇನೆ ಎಂದು ಎಷ್ಟು ಸಲ ಕೇಳಿದೆ. "ದಣಿದ ಕೈಯಲ್ಲಿ ಅವನ್ನ ಮುಟ್ಟಬಾರದು ಕಣಮ್ಮ. ಟ್ರೆಮೊಲೊದಲ್ಲಿ ತಪ್ಪಿದ್ರೆ ಗದ್ದಲದಲ್ಲಿ ಮುಚ್ಚೋಗುತ್ತೆ. ಇದರಲ್ಲಿ ಬಚ್ಚಿಟ್ಕೊಳ್ಳೋಕೆ ಜಾಗ ಇಲ್ಲ" ಎನ್ನುತ್ತಿದ್ದರು.

ಅಂತೂ ಒಂದು ದಿನ ಸಾಕು ಎಂಬ ಅಪ್ಪಣೆ ಬಂತು. ಎರಡು ದಿನ ನಿಮ್ಮ ಪಾಠ ಮಾಡಿಕೊಳ್ಳಿ ಎಂದರು ವರದರಾಜು. ಒಂದು ದಿನ ಪೂರ್ತಿ ಕೈಗೆ ವಿಶ್ರಾಂತಿ ಕೊಟ್ಟು ಮಾರನೆಯ ದಿನ ಶುರು ಮಾಡುವುದೆಂದು ನಿಶ್ಚಯಿಸಿದೆವು. ಮೇಷ್ಟ್ರು ಮದುವೆ ಗಂಡಿನ ಹಾಗೆ ಓಡಾಡುತ್ತಿದ್ದರು. ಅವತ್ತೇ ಮುಂಗಾರಿನ ಜಡಿ ಹಿಡಿಯಿತು. ಮೇಷ್ಟ್ರು ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು, ಬ್ಯಾರನ್ನೇ ಬೆಚ್ಚಗಿದೆ ಎಂದು ಅಲ್ಲೇ ಬಿಟ್ಟರು. ಬರುವಾಗ, "ಗಿಟಾರಿಗೆ ಥಂಡಿ ಹಿಡ್ದದೆ ನಿಂಗ, ಶ್ರುತಿ ನಿಲ್ತಿಲ್ಲ" ಎಂದು ಸುಮ್ಮನೆ ಮಾತಿಗೆ ಹೇಳಿದರು.

ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಬ್ಯಾರನ್ನಿನ ಹೊಗೆಗೂಡಿನಲ್ಲಿ ಹೊಗೆ. ನಿಂಗ ಬೆಳಗಿನ ಜಾವವೇ ಎದ್ದು, ಪೆಟ್ಟಿಗೆಯ ಮುಚ್ಚಳ ತೆಗೆದು, ಪೈಪಿನ ಮೇಲಿನ ಗೋಣಿ ಎತ್ತಿಟ್ಟು, ಒಲೆ ಹಚ್ಚಿ, ಬಾಗಿಲು ಹಾಕಿದ್ದ. ಒಳಗೆ ಕಾಲಿಟ್ಟರೆ ಮುಖಕ್ಕೆ ಕಾವು ರಾಚಿತು. ಗಿಟಾರಿನ ಮುಖದ ಹಲಗೆ ನಡುವಿನಿಂದ ಕೆಳಗಿನವರೆಗೆ ಸೀಳಿತ್ತು.

"ಅಸಿ ಎಲೆಗೆ ಮೊದಲ್ನೇ ದಿನ ಕೊಡೋ ಅಷ್ಟೇ ಕಾವು ಅಕ್ಕ. ಅದಕ್ಕಿಂತ ಒಂದ್ ಸೌದೆ ಜಾಸ್ತಿ ಆಕಿಲ್ಲ" ಎಂದ ನಿಂಗ. ಅವನ ಮುಖ ನೋಡಲಾಗಲಿಲ್ಲ.

ಮೇಷ್ಟ್ರು ಸೀಳಿನ ಮೇಲೆ ಹೆಬ್ಬೆರಳು ಆಡಿಸಿದರು. "ಓಗ್ಲಿ ಬುಡೋ" ಎಂದು ಅವನ ಭಾಷೆಯಲ್ಲೇ ಹೇಳಿದರು. "ಥಂಡಿ ಅಂತ ನಾನೇ ಅಲ್ವಾ ಹೇಳಿದ್ದು."

ನಿಂಗನ ಮೇಲೆ ನನಗೆ ಅವತ್ತೂ ಸಿಟ್ಟಿರಲಿಲ್ಲ, ಇವತ್ತೂ ಇಲ್ಲ. ಥಂಡಿಯಾದದ್ದನ್ನು ಒಣಗಿಸುವುದು ಅವನ ಹುಟ್ಟು ಕೆಲಸ, ಪ್ರೀತಿಯಿಂದ ಮಾಡಿದ. ನಾನು ಮೈಸೂರಿಗೆ ಫೋನು ಮಾಡಿ, ಬೇರೆ ಯಾರದಾದರೂ ಗಿಟಾರ್ ತರಿಸುತ್ತೇನೆ, ಎರಡೇ ದಿನ ತಡೆಯಿರಿ ಸಾರ್ ಎಂದು ಕೇಳಿಕೊಂಡೆ. "ನಮಗೆ ಬೇಕಾಗಿದ್ದು ಬಂದಿದೆಯಲ್ಲ ಬಿಡಿ. ಗಾಡಿ ಕಳಿಸಿದೀನಿ, ನಾಳೆಯಿಂದ ಜಾಹೀರಾತಿನ ಕೆಲಸ ಇದೆ" ಎಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು.

ಆಮೇಲೆ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಆ ಟೇಕಿನಿಂದ ಒಂದು ಚೂರು, ಈ ಟೇಕಿನಿಂದ ಒಂದು ಚೂರು. ಉಂಗುರದ ಬೆರಳು ತಡವಾದ ಕಡೆಯೆಲ್ಲ ಎಳೆದು ಸಮ ಮಾಡು. ಸುಯ್ ಸದ್ದು ತೆಗೆ. ಬ್ಯಾರನ್ನಿನ ದನಿ ತೆಗೆದು ಯಾವುದೋ ದೇಶದ ದೊಡ್ಡ ಸಭಾಂಗಣದ ದನಿ ಹಾಕು. ನಾನು ಹಲ್ಲು ಕಚ್ಚಿಕೊಂಡು ಮಾಡಿದೆ, ಸಂಬಳದ ಕೆಲಸ. ಮೇಷ್ಟ್ರು ಬಂದು ಹೆಡ್‌ಫೋನ್ ಹಾಕಿಕೊಂಡು ಕೊನೆಯವರೆಗೂ ಕೇಳಿದರು.

"ಚೆನ್ನಾಗಿದೆ ಕಣಮ್ಮ. ಯಾರು ನುಡಿಸಿರೋದು?"

ವರದರಾಜು ತಮಾಷೆ ಎಂದುಕೊಂಡು ಗಟ್ಟಿಯಾಗಿ ನಕ್ಕರು. ಮೇಷ್ಟ್ರು ನಗಲಿಲ್ಲ, ನಾನೂ ನಗಲಿಲ್ಲ.

ಸೀಳಿದ ಹಲಗೆಯನ್ನು ಮೈಸೂರಿನಲ್ಲಿ ವೀಣೆ ಮಾಡುವವರೊಬ್ಬರು ಜೋಡಿಸಿಕೊಟ್ಟರು. ಅದು ಕೈಗೆ ಬರುವಾಗ ದೀಪಾವಳಿ. ಬ್ಯಾರನ್ ತುಂಬ ಸೊಪ್ಪು. ಮೇಷ್ಟ್ರ ಬೆರಳು ಅಷ್ಟರಲ್ಲಿ ಪೂರ್ತಿ ಮಡಚಿಕೊಂಡಿತ್ತು, ತಂತಿಯ ಹತ್ತಿರ ಒಯ್ದರೆ ಸಾಕು ಒಳಕ್ಕೆ ಓಡುತ್ತಿತ್ತು. ಅನ್ನ ಕಲಸುವಾಗ ಸರಿ ಇರುತ್ತದೆ, ಸೀಮೆಸುಣ್ಣ ಹಿಡಿದರೆ ಸರಿ ಇರುತ್ತದೆ, ಗಿಟಾರಿಗೆ ಮಾತ್ರ ಇಲ್ಲ. ಒಂದೇ ಚಲನೆಯನ್ನು ಅತಿಯಾಗಿ ಮಾಡಿಸಿದರೆ ಹೀಗಾಗುತ್ತದೆ, ವಾಸಿಯಾಗುವುದು ಕಷ್ಟ ಎಂದರಂತೆ ಡಾಕ್ಟರು. ಅತಿಯಾಗಿ ಮಾಡಿಸಿದವರ ಹೆಸರು ಅವರು ಕೇಳಲಿಲ್ಲ.

ರೆಕಾರ್ಡಿಂಗ್ ಮಾತ್ರ ಎಲ್ಲ ರೆಸಾರ್ಟಿಗೂ ಹೋಯಿತು. ಕೆಲವು ವರ್ಷಗಳ ಹಿಂದೆ ಅಂತರಸಂತೆಯ ಹತ್ತಿರದ ರೆಸಾರ್ಟೊಂದರಲ್ಲಿ ನಡೆದ ನೆಂಟರ ಆರತಕ್ಷತೆಗೆ ಹೋಗಿದ್ದೆ. ಕೈ ತೊಳೆಯಲು ಹೋದರೆ, ಬೇಸಿನ್ನಿನ ಮೇಲಿನ ಸ್ಪೀಕರಿನಲ್ಲಿ ಮೇಷ್ಟ್ರ ಟ್ರೆಮೊಲೊ. ಪಕ್ಕದಲ್ಲಿ ಯಾರೋ ಮೂಗು ಸೀಟುತ್ತಿದ್ದರು. ಆ ಬೆರಳು ಹೋದದ್ದು ಇದಕ್ಕಾಗಿ. ಕೈ ತೊಳೆಯದೆ ಹೊರಗೆ ಬಂದೆ, ಊಟ ಮಾಡಲಿಲ್ಲ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದದ್ದು ಇಷ್ಟೇ. ನುಡಿಸುವವರು ಯಾವುದನ್ನು ತಾವಾಗಿ ಕೇಳಿಕೊಳ್ಳುತ್ತಾರೋ ಅದನ್ನು ಮೊದಲು ತೆಗೆದುಕೊಳ್ಳಿ. ಯಜಮಾನರದು ಆಮೇಲೆ ಆಗುತ್ತದೆ, ಆಗದಿದ್ದರೆ ಅವರಿಗೆ ಇನ್ನೊಬ್ಬರು ಸಿಗುತ್ತಾರೆ. ನುಡಿಸುವವರಿಗೆ ಇನ್ನೊಂದು ಕೈ ಸಿಗುವುದಿಲ್ಲ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಮೇಷ್ಟ್ರು ಫೋನು ಮಾಡಿದರು. "ಉಂಗುರದ ಬೆರಳು ಬಿಟ್ಟು ಮಿಕ್ಕ ಮೂರರಲ್ಲಿ ನುಡಿಸೋದು ಕಲ್ತಿದೀನಿ ಜಯಮ್ಮ. ಮೊದ್ಲಿನಿಂದ ಕಲಿಯೋ ಮಕ್ಕಳ ಹಾಗೆ ಕಲ್ತೆ. ಎಲ್ಲ ಪಾಠ ಬರಲ್ಲ, ಕೆಲವು ಬರ್ತವೆ. ನಿಧಾನಕ್ಕೆ." ಎಲ್ಲಿ ಮಾಡೋಣ ಎಂದು ಕೇಳಿದೆ. "ಅಲ್ಲೇ" ಎಂದರು.

ನಿಂಗ ಈಗ ಹೊಸ ಬ್ಯಾರನ್ ಕಟ್ಟಿಕೊಂಡಿದ್ದಾನೆ. ಹಳೆಯದರಲ್ಲಿ ಸೌದೆ, ಸಸಿ ಟ್ರೇ ತುಂಬಿದ್ದವು. ಎಲ್ಲ ಹೊರಗೆ ಹಾಕಿ ಗುಡಿಸಿದ್ದ. ನಾನು ಮೈಕು ಜೋಡಿಸುವಾಗ ಬಾಗಿಲಿಗೆ ಬಂದು, ಅಂಗಿ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ನನ್ನ ಕೈಗಿಟ್ಟ.

"ಇಟ್ಕೊಳಕ್ಕ. ಮುಗ್ದ್ ಮ್ಯಾಲೆ ಕೊಡು."

"ಒಳಕ್ಕೆ ಬಾರ್ಲಾ, ಕೂತ್ಕೊ."

"ನಾ ಬರಾಕಿಲ್ಲ ಬುಡು" ಎಂದು ಹೊರಗೆ ಹೊಂಗೆ ಮರದ ಕೆಳಗೆ ಹೋಗಿ ಕೂತ.

ಮೇಷ್ಟ್ರು ಆ ಜೋಡಿಸಿದ ಗಿಟಾರನ್ನೇ ತಂದಿದ್ದರು. ಬಳಸದ ಬೆರಳಿಗೆ ಒಂದು ಬಟ್ಟೆ ಸುತ್ತಿ, ಅಡ್ಡ ಬರದಂತೆ ಅಂಗೈಗೆ ಕಟ್ಟಿಕೊಂಡರು. ಗಂಟು ನಾನೇ ಹಾಕಿದೆ. ಮೊದಲು ನುಡಿಸಿದ್ದು ಅವತ್ತು ಸ್ಟುಡಿಯೋದಲ್ಲಿ ನನಗೆ ಕೇಳಿಸಿದ್ದೇ. ಮೇಲೆ ಹೋಗುವ ಸಾಲು, ಕೆಳಗೆ ಬರುವ ಸಾಲು. ಆದರೆ ಈಗ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಅವರು ದಾರಿ ಹುಡುಕುವುದು ಕೇಳುತ್ತಿತ್ತು. ಒಂದು ಕಡೆ ತಪ್ಪಿದರು. ಎಡಗೈ ಸುಯ್ ಎಂದಿತು. ಬೆಟ್ಟದ ಕಡೆಯಿಂದ ನವಿಲು ಕೂಗಿತು. ನಾನು ಯಾವುದಕ್ಕೂ ನಿಲ್ಲಿಸಲಿಲ್ಲ. ಅದರಲ್ಲಿ ಒಂದು ಸದ್ದನ್ನೂ ನಾನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ತಪ್ಪಿದ ಕಡೆ ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಿಕೊಡ್ತೀವಿ ಮೇಡಂ ಎಂದು ಮೊನ್ನೆ ಕಲಿಯಲು ಬಂದ ಹುಡುಗರು ಹೇಳಿದಾಗ ಅವರಿಗೆ ಬಾಗಿಲು ತೋರಿಸಿದ್ದೇನೆ.

ಕೆಲವು ಪಾಠಗಳಾದ ಮೇಲೆ ಒಂದರ ಅರ್ಧದಲ್ಲಿ ಮೇಷ್ಟ್ರು ಕೈ ನಿಲ್ಲಿಸಿದರು. ನಡುಬೆರಳೂ ನಡುಗುತ್ತಿತ್ತು. ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸೋಣವೇ ಎಂದೆ.

"ಇಷ್ಟೇ ಕಣಮ್ಮ ಇರೋದು" ಎಂದು ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ಅವರ ಮುಖದಲ್ಲಿ ಬೇಸರ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಹೊರಗೆ ಬಂದು ನಿಂಗನಿಗೆ ಬೆಂಕಿಪೊಟ್ಟಣ ವಾಪಸು ಕೊಟ್ಟೆ. ಅವನು ಜೇಬಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದ.

"ಅವತ್ತು ಇದ್ನೇ ಮೊದ್ಲು ಮಾಡ್ಬುಟ್ಟಿದ್ರೆ ಏನಾಯ್ತಿತ್ತಕ್ಕ?" ಎಂದು ಕೇಳಿದ.

"ಏನೂ ಆಗ್ತಿರಲಿಲ್ಲ ಕಣ್ಲಾ" ಎಂದೆ. "ಎರಡು ದಿನ ಹಿಡೀತಿತ್ತು, ಅಷ್ಟೇ."